ಖಾರ್ಘರ್ ಕಣಿವೆಯಲ್ಲಿ ಒಂಬತ್ತು ಹೋಲ್

ಪರಊರಿಗೆ ಹೋದಾಗ ಗಾಲ್ಫ್ ಆಡಬೇಕೆಂದು ಆಸೆ ಪಡುವವರಿಗೆ ಮೊದಲು ಎದುರಾಗುವುದು ಗೇಟು. ಮುಂಬಯಿಯಲ್ಲಿ ಕ್ರಿಕೆಟ್ಟಿಗೆ ಶಿವಾಜಿ ಪಾರ್ಕ್ ಇದೆ, ಆಜಾದ್ ಮೈದಾನ ಇದೆ. ಹೋಗಿ ನಿಂತರೆ ಯಾರಾದರೂ ಫೀಲ್ಡಿಂಗಿಗಾದರೂ ಕರೆದುಕೊಳ್ಳುತ್ತಾರೆ. ಗಾಲ್ಫಿಗೆ ಆ ಅನುಕೂಲ ಇಲ್ಲ. ವಿಲಿಂಗ್ಡನ್ ಸ್ಪೋರ್ಟ್ಸ್ ಕ್ಲಬ್ ಇದೆ. 1918ರಲ್ಲಿ, ಭಾರತೀಯರನ್ನು ಹೊರಗಿಡುತ್ತಿದ್ದ ಕ್ಲಬ್ಬುಗಳ ಕಾಲದಲ್ಲಿ, ಭಾರತೀಯರೂ ಬ್ರಿಟಿಷರೂ ಒಟ್ಟಿಗೆ ಕೂರಲಿ ಎಂದೇ ಶುರುವಾದದ್ದು. ಚೆಂಬೂರಿನಲ್ಲಿ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಇದೆ, ಕೊಲಾಬಾದ ತುದಿಯಲ್ಲಿ ಸೇನೆಯವರ ಯುಎಸ್ ಕ್ಲಬ್ ಇದೆ. ಮೂರೂ ಚೆಂದದ ಜಾಗಗಳು. ಆದರೆ ಒಳಗೆ ಹೋಗಲು ಸದಸ್ಯರ ಪರಿಚಯ ಬೇಕು. ಎರಡು ದಿನದ ಕೆಲಸಕ್ಕೆ ಬಂದು ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡವರು ಪರಿಚಯ ಹುಡುಕುತ್ತಾ ಕೂತರೆ ಬೆಳಿಗ್ಗೆಯೇ ಮುಗಿದಿರುತ್ತದೆ.

ನಾನು ಮೈಸೂರಿನವಳು. ರೇಸ್‌ಕೋರ್ಸಿನ ಒಳಗಿರುವ ಗಾಲ್ಫ್ ಮೈದಾನದಲ್ಲಿ ಚಾಮುಂಡಿ ಬೆಟ್ಟ ನೋಡಿಕೊಂಡು, ನಲವತ್ತು ದಾಟಿದ ಮೇಲೆ ಈ ಆಟ ಕಲಿತೆ. ಆಡಿಟ್ ಕೆಲಸದ ಮೇಲೆ ನವಿ ಮುಂಬಯಿಯ ಸಿಬಿಡಿ ಬೇಲಾಪುರಕ್ಕೆ ಆಗಾಗ ಬರುತ್ತಿರುತ್ತೇನೆ. ಉಳಿದುಕೊಳ್ಳುವುದು ಪಕ್ಕದ ಖಾರ್ಘರ್‌ನಲ್ಲಿ, ಚಿಕ್ಕಪ್ಪನ ಮನೆಯಲ್ಲಿ. ಬ್ಯಾಂಕಿನಿಂದ ನಿವೃತ್ತರಾಗಿ ಅಲ್ಲೇ ನೆಲೆಸಿದ ಚಿಕ್ಕಪ್ಪ ದಿನಾ ಬೆಳಿಗ್ಗೆ ಸೆಂಟ್ರಲ್ ಪಾರ್ಕಿಗೆ ವಾಕಿಂಗ್ ಹೋಗುತ್ತಾರೆ. ಒಂದು ಸಲ ಊಟದ ಹೊತ್ತಿಗೆ, ಮುಂಬಯಿಯಲ್ಲಿ ಗಾಲ್ಫ್ ಆಡಲು ಜಾಗವೇ ಸಿಗುವುದಿಲ್ಲ ಎಂದು ನಾನು ಹೇಳುತ್ತಿದ್ದೆ. "ಪಾರ್ಕಿನ ಆಚೆಗೇ ಒಂದು ಇದೆಯಲ್ಲಮ್ಮ, ಸಿಡ್ಕೋದವರದು. ನಾನು ದಿನಾ ಬೇಲಿ ಈಚೆಯಿಂದ ನೋಡ್ತೀನಿ. ನಮ್ಮಂಥವರನ್ನ ಒಳಗೆ ಬಿಡ್ತಾರೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ" ಎಂದರು.

ಬಿಡುತ್ತಾರೆ. ಖಾರ್ಘರ್ ವ್ಯಾಲಿ ಗಾಲ್ಫ್ ಕೋರ್ಸ್‌ನ ದೊಡ್ಡ ಗುಣವೇ ಅದು. ನವಿ ಮುಂಬಯಿಯನ್ನು ಕಟ್ಟಲೆಂದು 1970ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋ. ರಸ್ತೆ, ಸ್ಟೇಷನ್, ಮಾರ್ಕೆಟ್ ಕಟ್ಟಿದ ಹಾಗೆ ಬೆಟ್ಟದ ಬುಡದ ಕಣಿವೆಯಲ್ಲಿ ಈ ಮೈದಾನವನ್ನೂ ಮಾಡಿತು. ಹೊಡೆಯಲು ಶುರುಮಾಡುವ ಜಾಗದಿಂದ ಚೆಂಡು ಬೀಳಿಸುವ ಗುಂಡಿಯವರೆಗಿನ ಒಂದೊಂದು ಹಾದಿಗೂ ಹೋಲ್ ಎನ್ನುತ್ತಾರೆ. ಮೊದಲು ತೆರೆದಾಗ ಇದ್ದದ್ದು ಹನ್ನೊಂದು ಹೋಲ್, ಹದಿನೆಂಟಕ್ಕೆ ವಿಸ್ತರಿಸುವ ಕೆಲಸ ಕೈಗೆತ್ತಿಕೊಂಡದ್ದು ಆಮೇಲೆ. ದೆಹಲಿಯ ಕುತುಬ್ ಗಾಲ್ಫ್ ಕೋರ್ಸ್ ಅಲ್ಲಿನ ಅಭಿವೃದ್ಧಿ ಪ್ರಾಧಿಕಾರದ್ದು, ಅದೂ ಸಾರ್ವಜನಿಕರಿಗೆ ತೆರೆದದ್ದೇ. ನಮ್ಮ ದೇಶದಲ್ಲಿ ಹೀಗೆ ಹಣ ಕಟ್ಟಿ ಯಾರು ಬೇಕಾದರೂ ಆಡಬಹುದಾದ ಜಾಗಗಳು ಬಹಳ ಕಡಿಮೆ.

ಮುಂದಿನ ಸಲ ಬರುವಾಗ ಶರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಅರ್ಧ ಸೆಟ್ ಹಾಕಿಕೊಂಡು ಬಂದೆ. ಚೆಂಡು ಹೊಡೆಯುವ ಕೋಲಿಗೂ ಕ್ಲಬ್ ಎಂದೇ ಹೆಸರು. ನಿಯಮದ ಪ್ರಕಾರ ಹದಿನಾಲ್ಕು ಕ್ಲಬ್ಬಿನವರೆಗೆ ಇಟ್ಟುಕೊಳ್ಳಬಹುದು, ಆದರೆ ಪ್ರಯಾಣದಲ್ಲಿ ಅಷ್ಟೆಲ್ಲ ಹೊರುವುದು ಬೇಡ. 5 ವುಡ್, ಒಂದು ಹೈಬ್ರಿಡ್, 6 ಮತ್ತು 8 ಐರನ್, ಪಿಚಿಂಗ್ ವೆಜ್, ಸ್ಯಾಂಡ್ ವೆಜ್, ಗುಂಡಿಯ ಹತ್ತಿರ ಚೆಂಡು ತಳ್ಳಲು ಪಟರ್ ಇಷ್ಟು ಸಾಕು. ಎಲ್ಲವನ್ನೂ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಉದ್ದದ ಕ್ಯಾನ್ವಾಸ್ ಚೀಲಕ್ಕೆ ಹಾಕಿ ಸೀಟಿನ ಕೆಳಗೆ ತಳ್ಳಿದರೆ ಯಾರಿಗೂ ಅಡ್ಡಿಯಿಲ್ಲ. ಹುಬ್ಬಳ್ಳಿಯಲ್ಲಿ ಹತ್ತಿದ ಅಜ್ಜಿಯೊಬ್ಬರು "ಯಾವ ವಾದ್ಯ ನುಡಸ್ತೀರಿ ತಂಗಿ?" ಎಂದು ಕೇಳಿದರು. ದಾದರ್‌ನಲ್ಲಿ ಇಳಿದು, ಕುರ್ಲಾದಲ್ಲಿ ಹಾರ್ಬರ್ ಲೈನ್ ಹಿಡಿದೆ. ಜನಸಂದಣಿಯ ಹೊತ್ತಿನಲ್ಲಿ ಈ ಚೀಲ ಹಿಡಿದು ಲೋಕಲ್ ಹತ್ತಬೇಡಿ. ಹನ್ನೊಂದರ ಮೇಲೆ ಸಲೀಸು. ಬೇಲಾಪುರ ಕಡೆಯಿಂದ ಬರುವವರಿಗೆ 2023ರಿಂದ ಮೆಟ್ರೋ ಇದೆ, ಸೆಂಟ್ರಲ್ ಪಾರ್ಕ್ ಎಂಬ ನಿಲ್ದಾಣವೂ ಇದೆ. ಅಲ್ಲಿಂದ ರಿಕ್ಷಾ.

ಆಡುವ ಹಿಂದಿನ ದಿನ ಫೋನ್ ಮಾಡಿದೆ. ಆಚೆ ಕಡೆಯವರು ಕೇಳಿದ್ದು ಮೂರೇ ಮಾತು: ಮೊದಲು ಆಡಿದ್ದೀರಾ, ಎಷ್ಟು ಜನ, ಎಷ್ಟು ಹೊತ್ತಿಗೆ ಬರುತ್ತೀರಿ. ಯಾರು ಕಳಿಸಿದರು, ಯಾವ ಕ್ಲಬ್ಬು, ಯಜಮಾನರು ಏನು ಮಾಡುತ್ತಾರೆ ಇವು ಯಾವುವೂ ಬರಲಿಲ್ಲ. ಕಾಲರ್ ಇರುವ ಟೀ-ಶರ್ಟು, ಶೂ, ಒಂದು ಗುರುತಿನ ಚೀಟಿ. ಚಿಕ್ಕಪ್ಪ ಆಡುವುದಿಲ್ಲ, ಜೊತೆಗೆ ನಡೆದು ಬರುತ್ತಾರೆ, ಆಗಬಹುದಾ ಎಂದು ಕೇಳಿದೆ. ಆಗಲಿ, ಆದರೆ ಹೊಡೆಯುವವರ ಮುಂದೆ ನಿಲ್ಲದಂತೆ ನೋಡಿಕೊಳ್ಳಿ ಎಂದರು. ದರ ವಾರದ ದಿನಗಳಲ್ಲಿ ಕಡಿಮೆ, ಶನಿವಾರ ಭಾನುವಾರ ಹೆಚ್ಚು. ಆಗಾಗ ಬದಲಾಗುವ ಕಾರಣ ಅಂಕಿ ಬರೆಯುವುದಿಲ್ಲ, ಫೋನಿನಲ್ಲೇ ಕೇಳಿಕೊಳ್ಳಿ. ಮೈದಾನದ ಫೀ, ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿಯ ಹಣ, ಚಹಾ ಎಲ್ಲ ಸೇರಿಸಿದರೂ ಮನೆಮಂದಿ ನಾಲ್ವರು ಮಾಲಿಗೆ ಹೋಗಿ ಸಿನೆಮಾ ನೋಡಿ ಊಟ ಮಾಡಿ ಬಂದಷ್ಟಾಯಿತು. ಗಾಲ್ಫ್ ಎಂದರೆ ಲಕ್ಷಗಟ್ಟಲೆ ಎಂದುಕೊಂಡಿದ್ದ ಚಿಕ್ಕಮ್ಮನಿಗೆ ರಸೀದಿ ತೋರಿಸಿದ ಮೇಲೇ ನಂಬಿಕೆ ಬಂದದ್ದು.

ಚಳಿಗಾಲದ ಬೆಳಗು. ಮುಂಬಯಿ ಸೀಮೆಯಲ್ಲಿ ಗಾಲ್ಫ್ ಆಡಲು ಡಿಸೆಂಬರ್, ಜನವರಿ, ಫೆಬ್ರವರಿಯೇ ಸರಿ. ಅಕ್ಟೋಬರಿನ ಬಿಸಿಲು ಮೈ ಸುಡುತ್ತದೆ, ಮಳೆಗಾಲದಲ್ಲಿ ಚೆಂಡು ಬಿದ್ದ ಕಡೆಯೇ ಹೂತುಕೊಳ್ಳುತ್ತದೆ. ಮೈದಾನದ ಮೂರು ಕಡೆ ಬೆಟ್ಟ ಕಾಣಿಸುತ್ತದೆ. ಮಳೆಗಾಲದಲ್ಲಿ ಪಾಂಡವಕಡಾ ಜಲಪಾತ ಧುಮುಕುವ ಜಾಗದಲ್ಲಿ ಈಗ ಕಪ್ಪುಬಂಡೆ ಮಾತ್ರ. ಬೆಟ್ಟದ ಹುಲ್ಲು ಒಣಗಿ ಬೂದು ಬಣ್ಣಕ್ಕೆ ತಿರುಗಿದ್ದರೂ ಕೆಳಗೆ ಫೇರ್‌ವೇ, ಅಂದರೆ ಚೆಂಡು ಸಾಗಲೆಂದು ಹುಲ್ಲು ಕತ್ತರಿಸಿಟ್ಟ ಹಾದಿ, ಹಸಿರಾಗಿತ್ತು. ಸ್ಕಾಟ್ಲೆಂಡಿನ ಕಡಲಂಚಿನಲ್ಲಿ, ಮರಗಿಡವಿಲ್ಲದ, ಗಾಳಿಗೆ ಬಯಲಾದ ಮೈದಾನಗಳಿಗೆ ಲಿಂಕ್ಸ್ ಎನ್ನುತ್ತಾರೆ. ಒಳನಾಡಿನಲ್ಲಿ ಮರ, ಹುಲ್ಲು, ನೀರು ಇಟ್ಟುಕೊಂಡು ತೋಟದ ಹಾಗೆ ಬೆಳೆಸಿದವು ಪಾರ್ಕ್‌ಲ್ಯಾಂಡ್. ನನ್ನ ಮನಸ್ಸಿಗೆ ಒಗ್ಗುವುದು ಈ ಎರಡನೆಯ ಬಗೆ. ಮರದ ನೆರಳಲ್ಲಿ ನಡೆದು, ಹಕ್ಕಿ ನೋಡಿ, ಆಮೇಲೆ ಚೆಂಡಿನ ಹತ್ತಿರ ಹೋಗುವ ಆಟ.

ಒಬ್ಬಳೇ ಬಂದವಳಿಗೆ ಜೊತೆ ಹೊಂದಿಸುವುದು ಇಂಥ ಮೈದಾನಗಳ ರೂಢಿ. ನನ್ನನ್ನು ಇಬ್ಬರ ಜೊತೆ ಹಾಕಿದರು. ಒಬ್ಬರು ಪನವೇಲಿನ ದಂತವೈದ್ಯೆ, ಮೂವತ್ತರ ಆಸುಪಾಸಿನ ಮರಾಠಿ ಹೆಣ್ಣುಮಗಳು. ಇನ್ನೊಬ್ಬರು ಮರ್ಚೆಂಟ್ ನೇವಿಯಿಂದ ನಿವೃತ್ತರಾದ ಕ್ಯಾಪ್ಟನ್. ನಾನು ಚಿಕ್ಕಪ್ಪನ ಜೊತೆ ಮಾತಾಡುತ್ತಿದ್ದದ್ದು ಕಿವಿಗೆ ಬಿದ್ದು ಅವರು ತಿರುಗಿ, "ನಿಮ್ದು ಮೈಸೂರು ಕಡೆ ಅಲ್ದಾ? ನಾವು ಕುಮಟೆಯವ್ರು. ಈಗ ನೆರೂಲಲ್ಲೇ ಮನೆ" ಎಂದರು. ಅಲ್ಲಿಂದ ಮುಂದೆ ಆಟದ ಭಾಷೆ ಮೂರಾಯಿತು. ನಮ್ಮೊಳಗೆ ಕನ್ನಡ, ಡಾಕ್ಟರ ಜೊತೆ ಹಿಂದಿ, ಕ್ಯಾಡಿಯದು ಮರಾಠಿ.

ಮೊದಲನೇ ಟೀಯ ಮೇಲೆ, ಅಂದರೆ ಆಟ ಶುರುಮಾಡುವ ಜಾಗದಲ್ಲಿ, ಹೊಸಬರಿಗೆ ಎದೆ ಹೊಡೆದುಕೊಳ್ಳುತ್ತದೆ, ಯಾವ ಊರಾದರೂ ಅಷ್ಟೇ. ಅಪರಿಚಿತರು ನಿಂತು ನೋಡುತ್ತಿರುತ್ತಾರೆ. ಅಲ್ಲಿ ಕ್ಯಾಪ್ಟನ್ ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ಯಾರು ತಯಾರೋ ಅವ್ರು ಹೊಡೀರಿ. ಸರದಿ ನೋಡೂದು ಬೇಡ. ಕಳೆದ ಚೆಂಡು ಎಲ್ಲರೂ ಸೇರಿ ಹುಡುಕುವ, ಮೂರು ನಿಮಿಷದಲ್ಲಿ ಸಿಗದಿದ್ರೆ ಬಿಡುವ." 2019ರಲ್ಲಿ ನಿಯಮ ಬದಲಾದಾಗ ಹುಡುಕುವ ಸಮಯ ಐದು ನಿಮಿಷದಿಂದ ಮೂರಕ್ಕೆ ಇಳಿಯಿತು. ದೂರ ಇದ್ದವರೇ ಮೊದಲು ಎಂದು ಕಾಯದೆ ಸಿದ್ಧರಿದ್ದವರು ಹೊಡೆಯಲಿ ಎಂಬುದಕ್ಕೂ ಆಗಲೇ ಒತ್ತು ಸಿಕ್ಕಿತು. ಹಿಂದೆ ಕಾಯುವವರಿಗೆ ತೊಂದರೆ ಆಗಬಾರದು ಎಂಬುದೇ ಅದರ ಹಿಂದಿನ ಕಾಳಜಿ. ಅಂಥ ಮಾತು ಮೊದಲೇ ಆಡಿಬಿಟ್ಟರೆ ಹೊಸಬರ ಕೈ ಅರ್ಧ ಸಡಿಲವಾಗುತ್ತದೆ. ನನ್ನ 5 ವುಡ್ ಚೆಂಡು ಬಲಕ್ಕೆ ವಾಲಿದರೂ ಫೇರ್‌ವೇಯ ಅಂಚಿನಲ್ಲೇ ನಿಂತಿತು.

ಲೆಕ್ಕ ಬರೆಯುವ ಕೆಲಸ ಚಿಕ್ಕಪ್ಪನಿಗೆ ಕೊಟ್ಟೆವು. ಕ್ಯಾಪ್ಟನ್ ಸ್ಟೇಬಲ್‌ಫೋರ್ಡ್ ಪದ್ಧತಿಯಲ್ಲಿ ಆಡೋಣ ಎಂದರು. ಇಂಗ್ಲೆಂಡಿನ ವಾಲಸೀ ಎಂಬಲ್ಲಿ 1932ರಲ್ಲಿ ಶುರುವಾದ ಲೆಕ್ಕ ಇದು. ಒಟ್ಟು ಎಷ್ಟು ಹೊಡೆತ ಎಂದು ಕೂಡುವುದಿಲ್ಲ, ಪ್ರತಿ ಹೋಲಿಗೂ ಅಂಕ ಕೊಡುತ್ತಾರೆ. ಪಾರ್ ಎಂದರೆ ಪಳಗಿದ ಆಟಗಾರನಿಗೆ ಒಂದು ಹೋಲಿಗೆ ಬೇಕಾಗುವಷ್ಟು ಹೊಡೆತ, ಹ್ಯಾಂಡಿಕ್ಯಾಪ್ ಎಂದರೆ ಆಟಗಾರರ ಮಟ್ಟ ನೋಡಿ ಕೊಡುವ ಹೊಡೆತಗಳ ರಿಯಾಯಿತಿ. ನಿಮ್ಮ ಹ್ಯಾಂಡಿಕ್ಯಾಪಿನ ರಿಯಾಯಿತಿ ಕಳೆದ ಮೇಲೆ ಪಾರ್ ಬಂದರೆ ಎರಡು, ಒಂದು ಹೊಡೆತ ಹೆಚ್ಚಾದರೆ ಒಂದು, ಒಂದು ಕಡಿಮೆಯಾದರೆ ಮೂರು. ಎರಡು ಹೊಡೆತ ಹೆಚ್ಚಾಯಿತೆಂದರೆ ಸೊನ್ನೆ. ಅಲ್ಲಿಗೆ ಚೆಂಡು ಎತ್ತಿಕೊಂಡು ಮುಂದಿನದಕ್ಕೆ ಹೊರಟರಾಯಿತು. ಚಿಕ್ಕಪ್ಪ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಯೋಚಿಸಿದರು. "ಹಾಗಾದ್ರೆ ಏಳು ಹೊಡೆದ್ರೂ ಸೊನ್ನೆ, ಹನ್ನೆರಡು ಹೊಡೆದ್ರೂ ಸೊನ್ನೆ. ಒಂದು ಕಡೆ ಆದ ನಷ್ಟ ಮುಂದಿನ ಪುಟಕ್ಕೆ ಬರೋದಿಲ್ಲ ಅನ್ನು." ಹೌದು, ಅಷ್ಟೇ. ಗೊತ್ತಿಲ್ಲದ ಮೈದಾನದಲ್ಲಿ ಆಡುವ ಪ್ರಯಾಣಿಕರಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ. ಎಲ್ಲಿ ಹಳ್ಳ, ಎಲ್ಲಿ ಮರಳು ತುಂಬಿದ ಬಂಕರ್ ಎಂದು ತಿಳಿಯದೆ ಒಂದು ಹೋಲ್ ಹಾಳಾದರೂ ಇಡೀ ಬೆಳಿಗ್ಗೆ ಹಾಳಾಗುವುದಿಲ್ಲ.

ಇನ್ನು ಕ್ಯಾಡಿಯ ವಿಷಯ. ಮೂವತ್ತು ದಾಟದ ಹುಡುಗ, ಖಾರ್ಘರ್ ಊರಿನವನೇ. ಕಟ್ಟಡಗಳ ನಡುವೆ ಈಗಲೂ ಹಳೇ ಖಾರ್ಘರ್ ಹಳ್ಳಿ ಇದೆ. ನವಿ ಮುಂಬಯಿಗೆಂದು 95 ಹಳ್ಳಿಗಳ ಜಮೀನು ಹೋಯಿತು. ಇವನ ಅಜ್ಜನ ಕಾಲಕ್ಕೆ ಮನೆಯಲ್ಲಿ ಭತ್ತದ ಗದ್ದೆ ಇತ್ತಂತೆ. ಜಮೀನು ಕಳೆದುಕೊಂಡ ಊರಿನ ಮಕ್ಕಳಿಗೆ ಇಂಥ ಜಾಗದಲ್ಲಿ ಕೆಲಸ ಸಿಗಬೇಕಾದ್ದು ನ್ಯಾಯ. ಚೀಲ ಹೊರುವುದಕ್ಕೇ ಅದು ನಿಲ್ಲಬಾರದು. ನಾನು ಬಿಡದಿಯ ಚಿಕ್ಕರಂಗಪ್ಪನ ವಿಷಯ ಹೇಳಿದೆ. ಈಗಲ್‌ಟನ್ ಗಾಲ್ಫ್ ರೆಸಾರ್ಟಿನ ಪಕ್ಕದ ಹಳ್ಳಿ ಹುಡುಗ, ಅಲ್ಲೇ ಆಟ ಹಿಡಿದು ವೃತ್ತಿಪರ ಆಟಗಾರನಾದ, ವಿದೇಶಗಳಲ್ಲಿ ಆಡಿದ. ಇವನಿಗೆ ಗೊತ್ತಿತ್ತು. "ಚಿಕ್ಕಾ? ಮಾಹಿತ್ ಆಹೇ ತಾಈ" ಎಂದು ಮುಖ ಅರಳಿಸಿದ. ಮೈದಾನ ಖಾಲಿ ಇರುವ ಹೊತ್ತಿನಲ್ಲಿ ಕ್ಯಾಡಿಗಳೂ ಆಡುತ್ತಾರಂತೆ. ಅವನ ಸ್ವಿಂಗ್ ಆಮೇಲೆ ಅಭ್ಯಾಸದ ಜಾಗವಾದ ರೇಂಜಿನಲ್ಲಿ ನೋಡಿದೆ. ನಮ್ಮ ಮೂವರಿಗಿಂತಲೂ ಚೊಕ್ಕ.

ಅವನಿಂದ ಕಲಿತ ಒಂದು ಪಾಠ ಬರೆಯಲೇಬೇಕು. ಗ್ರೀನ್ ಎಂದರೆ ಗುಂಡಿಯ ಸುತ್ತಲಿನ ನುಣ್ಣನೆಯ ಹುಲ್ಲುಹಾಸು. ಒಂದು ಗ್ರೀನಿನ ಮೇಲೆ ನನ್ನ ಚೆಂಡು ಹೋಲಿನಿಂದ ಹನ್ನೆರಡು ಅಡಿಯಷ್ಟು ದೂರ ಇತ್ತು. ನೋಡಿದರೆ ಎಡಕ್ಕೆ ಇಳಿಜಾರು ಎನಿಸಿತು, ಬಲಕ್ಕೆ ಗುರಿ ಇಟ್ಟೆ. ಹುಡುಗ ಬಂದು ತಡೆದ. ಮೊದಲು ಬೆಟ್ಟದ ಕಡೆ ಕೈ ತೋರಿಸಿದ. ಬೆಟ್ಟ ಇರುವ ಕಡೆಯಿಂದ ಇಡೀ ನೆಲವೇ ನಿಧಾನವಾಗಿ ಇಳಿಯುತ್ತದೆ, ಗ್ರೀನನ್ನು ಎಷ್ಟೇ ಮಟ್ಟ ಮಾಡಿದರೂ ಆ ಇಳಿತ ಉಳಿದಿರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಆಮೇಲೆ ಹೋಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅದರ ಅಂಚು ತೋರಿಸಿದ. ಹೋಲ್ ಎಂದರೆ ನಾಲ್ಕೂಕಾಲು ಇಂಚು ಅಗಲದ ಗುಂಡಿ. ಅದರ ಒಂದು ಬದಿಯಲ್ಲಿ ಹುಲ್ಲಿನ ಅಂಚು ಚೂಪಾಗಿ ಹಸಿರಾಗಿತ್ತು, ಇನ್ನೊಂದು ಬದಿಯಲ್ಲಿ ಸ್ವಲ್ಪ ಹರಿದು ಒಣಗಿತ್ತು. ಹುಲ್ಲು ಯಾವ ಕಡೆಗೆ ಮಲಗಿ ಬೆಳೆಯುತ್ತದೋ ಆ ಬದಿಯ ಅಂಚು ಹೀಗೆ ಹರಿಯುತ್ತದೆ. ಕೊಯ್ದ ಎಲೆಗಳಿಗೆ ಅಲ್ಲಿ ಬೇರಿನ ಆಸರೆ ಇರುವುದಿಲ್ಲವಲ್ಲ, ಅದಕ್ಕೆ. ಚೆಂಡಿನ ಹಿಂದೆ ನಿಂತು ನೋಡಿದಾಗ ಹುಲ್ಲು ಹೊಳೆಯುತ್ತಿದ್ದರೆ ಅದು ನಮ್ಮಿಂದ ಆಚೆಗೆ ಮಲಗಿದೆ, ಚೆಂಡು ಜೋರಾಗಿ ಓಡುತ್ತದೆ. ಮಂಕಾಗಿ ಗಾಢವಾಗಿ ಕಂಡರೆ ನಮ್ಮ ಕಡೆಗೆ ಮಲಗಿದೆ, ಗಟ್ಟಿಯಾಗಿ ತಳ್ಳಬೇಕು. ಬೆಟ್ಟದ ಇಳಿತ ಒಂದು ಕಡೆ, ಹುಲ್ಲಿನ ಒಲವೂ ಅದೇ ಕಡೆ. ಹಾಗಾಗಿ ಚೆಂಡು ತಿರುಗುವುದು ನಾನು ಅಂದುಕೊಂಡದ್ದಕ್ಕೆ ವಿರುದ್ಧ. "ಹಳೂ ತಾಈ, ಡೋಕಂ ಖಾಲೀ" ಎಂದ. ತಲೆ ತಗ್ಗಿಸಿ ನಿಧಾನಕ್ಕೆ ತಳ್ಳಿದೆ. ಚೆಂಡು ಕೊನೆಯ ಎರಡು ಅಡಿಯಲ್ಲಿ ಬಲಕ್ಕೆ ಹೊರಳಿ ಒಳಗೆ ಬಿತ್ತು. ಮೈಸೂರಿನಲ್ಲಿ ಚಾಮುಂಡಿ ಬೆಟ್ಟ ನೋಡಿಕೊಂಡೇ ಇಷ್ಟು ದಿನ ಆಡಿದೆ. ಬೆಟ್ಟಕ್ಕೂ ಪಟ್ ಮಾಡುವುದಕ್ಕೂ ಇರುವ ಈ ನಂಟನ್ನು ಇಷ್ಟು ಬಿಡಿಸಿ ತೋರಿಸಿದ್ದು ಖಾರ್ಘರ್‌ನ ಹುಡುಗ. ಈಗ ಅಲ್ಲೂ ಮೊದಲು ಗುಂಡಿಯ ಅಂಚು ನೋಡುತ್ತೇನೆ.

ಹಳ್ಳ ದಾಟಿಸಬೇಕಾದ ಒಂದು ಪಾರ್-3ರಲ್ಲಿ ನನ್ನ ಚೆಂಡು ಹಳ್ಳದ ಗಡಿ ತೋರಿಸುವ ಕೆಂಪು ಗೂಟಗಳ ಒಳಗೆ ಹೋಯಿತು. ಗಡಿ ದಾಟಿದ ಜಾಗವನ್ನು ಹುಡುಗ ಕರಾರುವಾಕ್ಕಾಗಿ ತೋರಿಸಿದ. ಒಂದು ಹೊಡೆತ ದಂಡ ತೆತ್ತು, ಅಲ್ಲಿಂದ ಎರಡು ಕ್ಲಬ್ ಉದ್ದದೊಳಗೆ, ಹೋಲಿಗೆ ಹತ್ತಿರವಾಗದ ಹಾಗೆ ಚೆಂಡು ಬಿಡಬಹುದು. ಹಿಂದೆ ಭುಜದ ಎತ್ತರದಿಂದ ಬಿಡಬೇಕಿತ್ತು, ಈಗ ಮೊಣಕಾಲಿನ ಎತ್ತರದಿಂದ. ಕ್ಯಾಪ್ಟನ್ ಈಗಲೂ ಅಭ್ಯಾಸಬಲದಿಂದ ಭುಜದವರೆಗೆ ಕೈ ಎತ್ತಿ ಮತ್ತೆ ಇಳಿಸುತ್ತಾರೆ. ಆ ಹೋಲಿನಲ್ಲಿ ಅಂಕ ಬರಲಿಲ್ಲ. ಡಾಕ್ಟರ್ ಮಾತ್ರ ಹಳ್ಳ ದಾಟಿಸಿ ಗ್ರೀನಿನ ನಡುವೆಯೇ ಇಳಿಸಿದರು. ಮೂವರೂ ಚಪ್ಪಾಳೆ ತಟ್ಟಿದೆವು.

ಡಾಕ್ಟರು ಈ ಆಟಕ್ಕೆ ಬಂದ ಬಗೆ ಕೇಳಿ ನನಗೆ ನಮ್ಮ ಕಡೆಯ ಹೆಮ್ಮೆ ಉಕ್ಕಿತು. 2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸಿನಲ್ಲಿ ಮಹಿಳೆಯರ ಗಾಲ್ಫಿನ ಕೊನೆಯ ಸುತ್ತು. ಬೆಂಗಳೂರಿನ ಅದಿತಿ ಅಶೋಕ್ ಪದಕದ ಅಂಚಿನಲ್ಲಿ ಆಡುತ್ತಿದ್ದ ಬೆಳಿಗ್ಗೆ. ಅವತ್ತೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದ ಕಾರಣ ಬಹಳ ಜನಕ್ಕೆ ಬೆಳಗಿನದು ಮರೆತುಹೋಗಿದೆ. ಗಾಲ್ಫಿನ ಗಂಧವೇ ಇಲ್ಲದ ಈ ಹುಡುಗಿ ಟಿವಿ ಮುಂದೆ ಕೂತು, ಬರ್ಡಿ ಎಂದರೇನು, ಪಾರ್ ಎಂದರೇನು ಎಂದು ಫೋನಿನಲ್ಲಿ ಹುಡುಕುತ್ತಾ ನೋಡಿದರಂತೆ. ಅದಿತಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಮರುವಾರವೇ ಇವರು ಕಲಿಯಲು ಜಾಗ ಹುಡುಕಿದರು. ಹತ್ತಿರದಲ್ಲಿ ಸಾರ್ವಜನಿಕ ಮೈದಾನ ಇಲ್ಲದೇ ಹೋಗಿದ್ದರೆ ಆ ಆಸೆ ಟಿವಿಯ ಮುಂದೆಯೇ ಮುಗಿಯುತ್ತಿತ್ತು. ಪದಕ ಗೆದ್ದರೆ ಮಾತ್ರ ಆಟ ಬೆಳೆಯುತ್ತದೆ ಎನ್ನುವವರು ಇದನ್ನು ಕೇಳಬೇಕು. ನಾಲ್ಕನೇ ಸ್ಥಾನ ನೋಡಿ ಆಡಲು ಬಂದವರಿದ್ದಾರೆ, ಅವರಿಗೆ ಬೇಕಾದದ್ದು ತೆರೆದ ಗೇಟು.

ಚಿಕ್ಕಪ್ಪನಿಗೆ ಅಂಕದ ಹಾಳೆಗಿಂತ ರುಚಿಸಿದ್ದು ಇನ್ನೊಂದು ಕೆಲಸ. ಎತ್ತರದಿಂದ ಬಂದ ಚೆಂಡು ಗ್ರೀನಿಗೆ ಬಡಿದರೆ ಸಣ್ಣ ತಗ್ಗು ಬೀಳುತ್ತದೆ, ಪಿಚ್ ಮಾರ್ಕ್ ಎನ್ನುತ್ತಾರೆ. ಹಾಗೇ ಬಿಟ್ಟರೆ ಹುಲ್ಲು ಸಾಯುತ್ತದೆ, ಮುಂದಿನವರ ಚೆಂಡು ದಾರಿ ತಪ್ಪುತ್ತದೆ. ಅದನ್ನು ಮುಚ್ಚಲು ಎರಡು ಹಲ್ಲಿನ ಸಣ್ಣ ಸಾಧನ ಇರುತ್ತದೆ. ಬಹಳ ಜನ ಅದನ್ನು ತಗ್ಗಿನ ತಳಕ್ಕೆ ಚುಚ್ಚಿ ಮಣ್ಣನ್ನು ಮೇಲಕ್ಕೆ ಎಬ್ಬಿಸುತ್ತಾರೆ. ಅದರಿಂದ ಬೇರು ಕಿತ್ತುಬರುತ್ತದೆ, ಬೋಳು ಮಚ್ಚೆ ಉಳಿಯುತ್ತದೆ. ಹುಡುಗ ಚಿಕ್ಕಪ್ಪನಿಗೆ ಸರಿಯಾದ ಕ್ರಮ ತೋರಿಸಿದ. ತಗ್ಗಿನ ಹೊರಗಡೆ ಚುಚ್ಚಬೇಕು, ಸುತ್ತಲಿನ ಹುಲ್ಲನ್ನು ಮಧ್ಯಕ್ಕೆ ತಳ್ಳಬೇಕು, ನಾಲ್ಕೂ ಕಡೆಯಿಂದ ಹೀಗೆ ಮಾಡಿ ಕೊನೆಗೆ ಪಟರ್‌ನಿಂದ ಮೆಲ್ಲಗೆ ಒತ್ತಬೇಕು. ಚಿಕ್ಕಪ್ಪ ಅಲ್ಲಿಂದ ಮುಂದೆ ಪ್ರತಿ ಗ್ರೀನಿನಲ್ಲೂ, ನಾವು ಪಟ್ ಮಾಡಿ ಮುಗಿಸುವಷ್ಟರಲ್ಲಿ, ಬೇರೆ ಯಾರೋ ಬಿಟ್ಟುಹೋದ ಗುರುತುಗಳನ್ನೂ ಹುಡುಕಿ ಮುಚ್ಚಿದರು. ಮೊಣಕಾಲು ನೋವಿನ ಮನುಷ್ಯ. ಕೂರಬೇಡಿ ಎಂದರೆ ಕೇಳಲಿಲ್ಲ. "ಇಷ್ಟು ದಿನ ಬೇಲಿ ಆಚೆಯಿಂದ ನೋಡಿದ್ದಕ್ಕೆ ಇಷ್ಟಾದ್ರೂ ಮಾಡ್ತೀನಿ ಬಿಡಮ್ಮ" ಎಂದರು.

ನಡುವೆ ಒಂದು ಕಡೆ ಟಿಟ್ಟಿಭ ಹಕ್ಕಿಗಳ ಜೋಡಿ ಕೂಗಿ ರಂಪ ಮಾಡಿತು. ಗೂಡು ಕಟ್ಟದೆ ಬಯಲು ನೆಲದಲ್ಲೇ ಮೊಟ್ಟೆ ಇಡುವ ಹಕ್ಕಿ ಅದು, ಮನುಷ್ಯರು ಬಂದರೆ ಗಾಬರಿ. ಸುತ್ತಿ ಹಾದುಹೋದೆವು.

ನಡೆಯುವಾಗ ಕ್ಯಾಪ್ಟನ್ ತಮ್ಮ ಹಡಗಿನ ದಿನಗಳನ್ನು ಹೇಳುತ್ತಿದ್ದರು. ಒಮ್ಮೆ ರಜೆಯಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ನೋಡಲು ಹೋಗಿದ್ದರಂತೆ. ಅದು ಗಾಲ್ಫಿನ ತವರು. ಭಾನುವಾರ ಅಲ್ಲಿನ ಓಲ್ಡ್ ಕೋರ್ಸಿನಲ್ಲಿ ಆಟ ಇರುವುದಿಲ್ಲ. ಊರಿನ ಜನ ಮಕ್ಕಳನ್ನು, ನಾಯಿಗಳನ್ನು ಕರೆದುಕೊಂಡು ಫೇರ್‌ವೇಯ ಮೇಲೇ ಅಡ್ಡಾಡುತ್ತಾರೆ. "ಊರಿನ ಜಾಗ ಅದು. ಜಗತ್ತಿನ ಎಲ್ಲಕ್ಕಿಂತ ಹೆಸರುವಾಸಿ ಮೈದಾನ ಸಾರ್ವಜನಿಕರದ್ದು. ಇಲ್ಲಿ ನಮ್ಮವ್ರು ಗೋಡೆ ಎಬ್ಬಿಸೂದೇ ದೊಡ್ಡಸ್ತಿಕೆ ಅಂದ್ಕೊಂಡಿದ್ದಾರೆ" ಎಂದರು. ಮಾತು ನೂರಕ್ಕೆ ನೂರು ಸರಿ. ಗಾಲ್ಫ್ ಸಿರಿವಂತರ ಆಟವಾದದ್ದು ಅದರ ಗುಣದಿಂದಲ್ಲ, ನಾವು ಅದನ್ನು ಇಟ್ಟುಕೊಂಡ ರೀತಿಯಿಂದ. ಚೆಂಡಿನ ತೂಕ 46 ಗ್ರಾಮಿಗೂ ಕಡಿಮೆ. ಹಳೇ ಐರನ್ ಒಂದಿದ್ದರೆ ಕಲಿಯಲು ಸಾಕು.

ಹಾಗೆಂದು ಎಲ್ಲಕ್ಕೂ ತಲೆಯಾಡಿಸಲಾರೆ. ಚಿಕ್ಕಪ್ಪನ ಬಿಲ್ಡಿಂಗಿಗೆ ಬೇಸಿಗೆಯಲ್ಲಿ ಟ್ಯಾಂಕರ್ ಬರುತ್ತದೆ. ಅಂಥ ಊರಿನಲ್ಲಿ ಇಷ್ಟು ಹುಲ್ಲು ಹಸಿರಾಗಿರಬೇಕಾದರೆ ನೀರು ಎಲ್ಲಿಯದು ಎಂಬ ಪ್ರಶ್ನೆ ಏಳಬೇಕು, ಏಳದಿದ್ದರೆ ತಪ್ಪು. ಯಾವ ಊರಿನ ಗಾಲ್ಫ್ ಮೈದಾನವೇ ಆಗಲಿ, ಕುಡಿಯುವ ನೀರು ಮುಟ್ಟಬಾರದು. ಶುದ್ಧೀಕರಿಸಿದ ಒಳಚರಂಡಿ ನೀರು, ಮಳೆನೀರು ತುಂಬಿದ ಹೊಂಡ, ಇಷ್ಟರಲ್ಲೇ ನಡೆಯಬೇಕು. ಫೇರ್‌ವೇಯ ಆಚೀಚಿನ ಉದ್ದ ಹುಲ್ಲಿನ ರಫ್ ಬೇಸಿಗೆಯಲ್ಲಿ ಒಣಗಿದರೆ ಒಣಗಲಿ, ಗ್ರೀನ್ ಮತ್ತು ಟೀ ಉಳಿದರೆ ಆಟಕ್ಕೆ ಕೊರತೆ ಇಲ್ಲ. ಕಂದು ಬಣ್ಣದ ಫೇರ್‌ವೇಯಲ್ಲಿ ಚೆಂಡು ಇನ್ನೂ ದೂರ ಉರುಳುತ್ತದೆ. ಆಡುವ ನಾವೇ ಇದನ್ನು ಕೇಳಬೇಕು, ಎದುರಿನವರು ಕೇಳುವವರೆಗೆ ಕಾಯಬಾರದು.

ಒಂಬತ್ತನೆಯದು ಮುಗಿಸುವ ಹೊತ್ತಿಗೆ ಬಿಸಿಲು ಏರಿತ್ತು. ಚಿಕ್ಕಪ್ಪ ಅಂಕ ಓದಿದರು. ಡಾಕ್ಟರಿಗೆ ಹದಿನೇಳು, ಕ್ಯಾಪ್ಟನ್‌ಗೆ ಹದಿನೈದು, ನನಗೆ ಹದಿನಾಲ್ಕು. ಹೊಸ ಮೈದಾನದಲ್ಲಿ ಹದಿನಾಲ್ಕು ಸಂತೋಷದ ಅಂಕ. ಟೋಪಿ ತೆಗೆದು ಕೈ ಕುಲುಕಿದೆವು, ಹುಡುಗನಿಗೆ ಹಣ ಕೊಟ್ಟೆವು. ಪ್ರಯಾಣಿಕರಿಗೆ ಒಂದು ಮಾತು: ಕ್ಯಾಡಿಗೆ ಇಷ್ಟು ಎಂದು ಗೊತ್ತುಮಾಡಿದ್ದರ ಮೇಲೆ ಕೊಂಚ ಕೈಬಿಚ್ಚಿ ಕೊಡಿ. ಗ್ರೀನ್ ಓದುವ ಪಾಠ ಇನ್ನೆಲ್ಲೂ ಅಷ್ಟು ಅಗ್ಗಕ್ಕೆ ಸಿಗುವುದಿಲ್ಲ.

ತಿಂಡಿಗೆ ಚಿಕ್ಕಪ್ಪ ಖಾಯಂ ಹೋಗುವ ಉಡುಪಿ ಹೋಟೆಲಿಗೆ ಹೋದೆವು, ಕ್ಯಾಪ್ಟನ್ನರೂ ಬಂದರು. ಡಾಕ್ಟರು ಕ್ಲಿನಿಕ್ಕಿಗೆ ಹೊರಟರು. ಗಲ್ಲೆಯ ಮೇಲೆ ಕೂತ ಯಜಮಾನರು ಕಾರ್ಕಳದ ಕಡೆಯವರು, ನನ್ನ ಚೀಲ ನೋಡಿ ಎದ್ದು ಬಂದರು. "ಎಂಥ ಸಾರ್ ಇದು, ಗಾಲ್ಫಾ? ಅಲ್ಲಿ ಹೊರಗಿನವರಿಗೆ ಬಿಡ್ತಾರಾ?" ಚಿಕ್ಕಪ್ಪ ಜೇಬಿನಿಂದ ಅಂಕದ ಹಾಳೆ ತೆಗೆದು ಮೇಜಿನ ಮೇಲೆ ಹರಡಿ, ಇಡ್ಲಿ ಆರುವವರೆಗೆ ಸ್ಟೇಬಲ್‌ಫೋರ್ಡ್ ವಿವರಿಸಿದರು. ಎಷ್ಟು ಹಣ, ಎಷ್ಟು ಹೊತ್ತು, ಶೂ ಯಾವುದು ಎಂದೆಲ್ಲ ಯಜಮಾನರು ಕೇಳಿಕೊಂಡರು. ಬೆಳಿಗ್ಗೆ ಐದಕ್ಕೆ ಹೋಟೆಲು ತೆಗೆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುವ ಮನುಷ್ಯ. ಊರಿಗೆ ಹೋದಾಗ ಬಿಟ್ಟರೆ ಹುಲ್ಲಿನ ಮೇಲೆ ಕಾಲಿಟ್ಟಿಲ್ಲ ಎಂದರು. ಕ್ಯಾಪ್ಟನ್ ಅಲ್ಲೇ ತೀರ್ಮಾನ ಕೊಟ್ಟರು. "ಮಂಗಳವಾರ ಮಧ್ಯಾಹ್ನ ನಿಮಗೆ ಬಿಡುವು ಅಲ್ದಾ? ಬನ್ನಿ ಇಬ್ರೂ. ರೇಂಜಲ್ಲಿ ಒಂದು ಬಕೆಟ್ ಚೆಂಡು ತಕ್ಕೊಂಡು ಹೊಡೆಯುವ, ನಾನು ತೋರಿಸ್ತೆ."

ಹೊರಡುವಾಗ ನನ್ನ 8 ಐರನ್ ಚಿಕ್ಕಪ್ಪನ ಮನೆಯಲ್ಲೇ ಬಿಟ್ಟುಬಂದೆ. ಮೈಸೂರಿಗೆ ಬಂದ ಮೇಲೆ ಚಿಕ್ಕಪ್ಪನ ಫೋನ್ ಬಂತು. ಮೊದಲ ದಿನ ಚೆಂಡು ನೆಲ ಬಿಟ್ಟು ಏಳಲಿಲ್ಲವಂತೆ, ಎರಡನೇ ಮಂಗಳವಾರ ಹೋಟೆಲಿನವರದು ನೂರು ಗಜದ ಬೋರ್ಡಿನ ಹತ್ತಿರ ಹೋಯಿತಂತೆ. ಚಿಕ್ಕಮ್ಮನೂ ನೋಡಲು ಹೋಗಿದ್ದರಂತೆ. "ಏಳನೇ ನಂಬರಿಗೂ ಎಂಟನೇ ನಂಬರಿಗೂ ಎಷ್ಟು ವ್ಯತ್ಯಾಸನಮ್ಮ? ಕ್ಯಾಪ್ಟನ್ನು ಏಳು ತಗೊಳ್ಳಿ ಅಂತಿದಾರೆ" ಎಂದು ಚಿಕ್ಕಪ್ಪ ಕೇಳಿದರು. ಹತ್ತು ಗಜದಷ್ಟು ಎಂದೆ. "ಹತ್ತು ಗಜ ತಾನೆ? ಸದ್ಯಕ್ಕೆ ನಿನ್ನದೇ ಇರಲಿ" ಎಂದು, ಮುಂದಿನ ಸಲ ಬರುವ ತಾರೀಕು ಕೇಳಿ ಬರೆದುಕೊಂಡರು. ನಾಲ್ವರ ಹೆಸರಲ್ಲಿ ಟೀ ಟೈಮ್ ಬುಕ್ ಮಾಡುವುದಂತೆ.